ಟ್ರೈಕ್ ಬೀಳುವುದೇ ಇಲ್ಲವೇ? ನದಿದಂಡೆಯ ಹಾದಿಗೆ ಇಳಿಯುವ ಮುನ್ನ

ಪ್ರಶ್ನೆ: ಬ್ಯಾಲೆನ್ಸ್ ತಪ್ಪುತ್ತದೆ ಎಂದು ಎರಡು ಚಕ್ರದ ಸೈಕಲ್ ಬಿಟ್ಟು ಕೆಲವು ವರ್ಷಗಳಾದವು. ಈಗ ಒರಗಿ ಕೂತು ತುಳಿಯುವ ರಿಕಂಬೆಂಟ್ ಟ್ರೈಕ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಮುಂದೆ ಎರಡು, ಹಿಂದೆ ಒಂದು ಚಕ್ರ, ಮೂರೂ 20 ಇಂಚಿನವು. ನಗರದೊಳಗಿನ ನದಿದಂಡೆಯ ಹಾದಿಯಲ್ಲಿ ಓಡಿಸುವ ಆಸೆ. ಹಾದಿ ಸುಮಾರು 3 ಮೀಟರ್ ಅಗಲ. ನಡೆಯುವವರು, ಮಕ್ಕಳು, ನಾಯಿ ಹಿಡಿದವರು ಎಲ್ಲರೂ ಇರುತ್ತಾರೆ, ಸೇತುವೆಗಳ ಅಡಿಯಲ್ಲಿ ಹಾದು ಹೋಗಬೇಕು. ಟ್ರೈಕ್ ಬೀಳುವುದೇ ಇಲ್ಲ ಅನ್ನುತ್ತಾರೆ, ನಿಜವೇ? ಹೊರಡುವ ಮುನ್ನ ಏನೇನು ನೋಡಿಕೊಳ್ಳಬೇಕು?

ಉತ್ತರ: ಅರ್ಧ ನಿಜ. ನಿಂತಾಗ ಬೀಳುವುದಿಲ್ಲ, ನಡಿಗೆಯ ವೇಗದಲ್ಲಿ ಏರು ಹತ್ತುವಾಗಲೂ ಬೀಳುವುದಿಲ್ಲ. ನಿಮಗೆ ಬೇಕಾದದ್ದೂ ಮುಖ್ಯವಾಗಿ ಅದೇ. ಆದರೆ ವೇಗದಲ್ಲಿ ಬಿಗಿ ತಿರುವಿಗೆ ನುಗ್ಗಿದರೆ ಒಳಬದಿಯ ಮುಂಚಕ್ರ ನೆಲ ಬಿಟ್ಟು ಏಳುತ್ತದೆ, ಗಾಡಿ ಹೊರಬದಿಗೆ ಮಗುಚುತ್ತದೆ. ಎರಡು ಚಕ್ರದ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ಟ್ರೈಕ್ ವಾಲುವುದಿಲ್ಲ, ವಾಲುವ ಕೆಲಸ ನಿಮ್ಮದು. ಬ್ಯಾಲೆನ್ಸಿನ ಚಿಂತೆ ಹೋದ ಜಾಗಕ್ಕೆ ಬೇರೆ ಮೂರು ಬರುತ್ತವೆ: ಗಾಡಿಯ ಅಗಲ, ನೀವು ಕೂರುವ ತಗ್ಗು, ನಿಮ್ಮ ಕಣ್ಣಿಗಿಂತ ಒಂದು ಮೀಟರ್ ಮುಂದೆ ಚಾಚಿಕೊಂಡ ಮೂತಿ. ದಂಡೆಯ ಹಾದಿಯಲ್ಲಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಈ ಮೂರರಿಂದಲೇ ಹುಟ್ಟುತ್ತವೆ. ಅದಕ್ಕೂ ಮೊದಲು ಪಾದದ ವಿಷಯ ಹೇಳಬೇಕು. ಅದು ಸರಿಯಾಗುವ ತನಕ ಗಾಡಿಯನ್ನು ಮನೆಯಿಂದ ಹೊರಗೆ ತೆಗೆಯಬೇಡಿ.

ಪಾದ ಪೆಡಲ್ ಬಿಡಬಾರದು

ಈ ಗಾಡಿಯಲ್ಲಿ ಪೆಡಲ್ ಇರುವುದು ಮುಂದೆ, ನೆಲದಿಂದ ಸ್ವಲ್ಪವೇ ಮೇಲೆ. ಉಬ್ಬು ಸಿಕ್ಕಿ ಪಾದ ಜಾರಿತು ಅಂದುಕೊಳ್ಳಿ. ಹಿಮ್ಮಡಿ ನೆಲ ಹಿಡಿದು ಅಲ್ಲೇ ನಿಲ್ಲುತ್ತದೆ, ಗಾಡಿ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ಕಾಲು ಹಿಂದಕ್ಕೆ ಮಡಚಿಕೊಂಡು ಮುಂಚಕ್ರಗಳನ್ನು ಸೇರಿಸುವ ಅಡ್ಡ ಕೊಳವೆಯ ಅಡಿಗೆ ಎಳೆದುಹೋಗುತ್ತದೆ. ಕಣಕಾಲು ಮುರಿಯಲು ದೊಡ್ಡ ವೇಗವೇನೂ ಬೇಡ, ಗಂಟೆಗೆ 10 ಕಿ.ಮೀ. ಸಾಕು. ಟ್ರೈಕ್‌ಗೆ ಹೊಸಬರಿಗೆ ಆಗುವ ಗಂಭೀರ ಪೆಟ್ಟುಗಳಲ್ಲಿ ಇದು ಮುಖ್ಯವಾದದ್ದು. ಗಾಡಿ ಮಾರಿದವರು ಇದನ್ನು ಹೇಳಲು ಮರೆತಿರುವ ಸಂಭವವೂ ಇದೆ.

ಪರಿಹಾರ ಎರಡು. ಅಡಿಯಲ್ಲಿ ಕ್ಲೀಟ್ ಎಂಬ ಕೊಕ್ಕೆ ಇರುವ ಶೂ ಹಾಕಿ ಪೆಡಲ್‌ಗೆ ಸಿಕ್ಕಿಸಿಕೊಳ್ಳುವುದು ಒಂದು. ಇಲ್ಲವೇ ಹಿಮ್ಮಡಿಗೆ ಆಸರೆ ಕೊಟ್ಟು ಮೇಲೆ ವೆಲ್ಕ್ರೋ ಪಟ್ಟಿಯಿಂದ ಕಟ್ಟುವ ಪೆಡಲ್ ಹಾಕಿಸುವುದು. ಬ್ಯಾಲೆನ್ಸ್ ತೊಂದರೆ ಇರುವ ನಿಮಗೆ ಎರಡನೆಯದೇ ಸರಿ. ಕ್ಲೀಟ್ ಬಿಡಿಸಲು ಹಿಮ್ಮಡಿ ಹೊರಕ್ಕೆ ತಿರುಚಬೇಕು, ಮಂಡಿ ನೋವಿದ್ದರೆ ಅದು ಕಷ್ಟ. ಟ್ರೈಕ್ ನಿಲ್ಲಿಸುವಾಗ ಕಾಲು ಊರುವ ಅಗತ್ಯವೇ ಇಲ್ಲ, ಹಾಗಾಗಿ ಕಟ್ಟಿಕೊಂಡಿದ್ದೇವೆ ಎಂಬ ಭಯಕ್ಕೆ ಕಾರಣವಿಲ್ಲ. ಯಾವುದೂ ಇಲ್ಲದ ಬರೀ ಚಪ್ಪಟೆ ಪೆಡಲ್ ಮಾತ್ರ ಬೇಡ.

ಕಾಲಳತೆ ಮತ್ತು ಚೈನು

ಸೀಟಿಗೆ ಬೆನ್ನು ಪೂರ್ತಿ ಒತ್ತಿ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲ್ ಅತಿ ದೂರ ಹೋಗುವ ಜಾಗಕ್ಕೆ ತನ್ನಿ. ಅಲ್ಲಿ ಮಂಡಿ ಆಗ ತಾನೇ ನೇರವಾಗುತ್ತಿರಬೇಕು. ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿಯಲ್ಲಿ ಸಣ್ಣ ಮಡಿಕೆ ಉಳಿಯುತ್ತದೆ, ಅದೇ ಬೇಕಾದ ಅಳತೆ. ಹತ್ತಿರವಾದರೆ ಮಂಡಿಯ ಮುಂಭಾಗ ನೋಯುತ್ತದೆ, ದೂರವಾದರೆ ಮಂಡಿಯ ಹಿಂಭಾಗ ಮತ್ತು ಸೊಂಟ. ಹೊಂದಿಸುವುದು ಬೂಮ್ ಅನ್ನು, ಅಂದರೆ ಪೆಡಲ್ ಹೊತ್ತ ಮುಂದಿನ ಕೊಳವೆಯನ್ನು, ಹೊರಗೆಳೆದು ಅಥವಾ ಒಳತಳ್ಳಿ. ಒಂದೊಂದೇ ಸೆಂ.ಮೀ. ಸರಿಸಿ ನೋಡಿ. ಬಿಗಿ ಮಾಡುವ ಮುನ್ನ ಗಾಡಿಯ ಮುಂದೆ ನಿಂತು ಪೆಡಲ್ ಅಚ್ಚು ಅಡ್ಡಕ್ಕೆ ಸಮವಾಗಿದೆಯೇ ನೋಡಬೇಕು. ಕೊಳವೆ ದುಂಡಗಿದ್ದರೆ ಸಲೀಸಾಗಿ ತಿರುಗಿಕೊಳ್ಳುತ್ತದೆ, ಕೂತವರಿಗೆ ಅದು ಕಾಣುವುದಿಲ್ಲ. ಒಂದು ಮಂಡಿ ಮಾತ್ರ ನೋಯುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಬೂಮ್ ಮೇಲೆ ಇಷ್ಟಕ್ಕಿಂತ ಹೊರಗೆ ಎಳೆಯಬಾರದು ಎಂಬ ಗುರುತು ಇರುತ್ತದೆ, ಅದನ್ನು ಮೀರಬೇಡಿ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇನ್ನೊಂದು ಸಂಗತಿ ಇದೆ. ಬೂಮ್ 2 ಸೆಂ.ಮೀ. ಮುಂದೆ ಹೋದರೆ ಚೈನ್ 4 ಸೆಂ.ಮೀ. ಹೆಚ್ಚು ಬೇಕು, ಯಾಕೆಂದರೆ ಚೈನ್ ಹೋಗಿ ಬರುವ ಎರಡೂ ದಾರಿ ಉದ್ದವಾಗುತ್ತವೆ. ಒಂದು ಕೊಂಡಿ 12.7 ಮಿ.ಮೀ., ಅಂದರೆ ಹತ್ತಿರ ಹತ್ತಿರ ಮೂರು ಕೊಂಡಿ. ಹಿಂದಿನ ಮಾಲೀಕರು ನಿಮಗಿಂತ ಕುಳ್ಳಗಿದ್ದರೆ ಚೈನ್ ಸಾಲದೆ ಬರುತ್ತದೆ. ಮುಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಕೈಯಿಂದಲೇ ನಿಧಾನಕ್ಕೆ ಹಾಕಿ ನೋಡಿ. ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸಲು ಚೈನನ್ನು ಸರಿಸುವ ತೋಳು, ಪೂರ್ತಿ ಎಳೆದುಕೊಂಡು ನಿಂತರೆ ಕೊಂಡಿ ಸೇರಿಸಬೇಕು. ಹಾಗೇ ಓಡಿಸಿದರೆ ಒಂದು ದಿನ ಡಿರೇಲರ್ ಕಿತ್ತು ಬರುತ್ತದೆ. ಅಂದಹಾಗೆ ಈ ಗಾಡಿಗೆ ಸಾಮಾನ್ಯ ಸೈಕಲ್‌ನ ಎರಡೂವರೆಯಿಂದ ಮೂರು ಚೈನ್ ಹಿಡಿಯುತ್ತದೆ. ಖರ್ಚು ಹೆಚ್ಚು, ಆದರೆ ಸವೆತ ಅಷ್ಟೂ ಉದ್ದಕ್ಕೆ ಹಂಚಿಹೋಗುವುದರಿಂದ ಬಾಳಿಕೆಯೂ ಹೆಚ್ಚು.

ಸೀಟಿನ ಓರೆ ಬದಲಿಸಲು ಬರುವುದಾದರೆ ಜನರಿರುವ ಹಾದಿಗೆ ಅದನ್ನು ಆದಷ್ಟು ನೆಟ್ಟಗೆ ಮಾಡಿಕೊಳ್ಳಿ. ಪೂರ್ತಿ ಒರಗಿ ಹೋಗುವುದು ಖಾಲಿ ರಸ್ತೆಯ ಸುಖ.

ಮುಂಚಕ್ರಗಳ ಅಲೈನ್‌ಮೆಂಟ್

ಮುಂದೆ ಎರಡು ಚಕ್ರ ಇರುವುದರಿಂದ ಕಾರಿಗಿರುವ ತಾಪತ್ರಯ ಇದಕ್ಕೂ ಇದೆ. ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿ, ಇಲ್ಲವೇ ಮುಂಭಾಗದಲ್ಲಿ ಕೂದಲೆಳೆಯಷ್ಟು ಒಳಮುಖವಾಗಿ ಇರಬೇಕು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡಲ್ ನೇರ ಮಾಡಿ, ನೀವೇ ಸೀಟಿನಲ್ಲಿ ಕೂತು ಬೇರೊಬ್ಬರಿಂದ ಅಳತೆ ಮಾಡಿಸಿ. ಭಾರ ಬಿದ್ದಾಗ ಅಳತೆ ಬದಲಾಗುತ್ತದೆ, ಖಾಲಿ ಗಾಡಿಯ ಅಳತೆ ನಂಬುವಂತಿಲ್ಲ. ಹಬ್‌ನ, ಅಂದರೆ ಚಕ್ರದ ನಡುಭಾಗದ, ಎತ್ತರದಲ್ಲಿ ಎರಡು ರಿಮ್‌ಗಳ ನಡುವಿನ ದೂರವನ್ನು ಚಕ್ರದ ಮುಂದಿನ ಅಂಚಿನಲ್ಲಿ ಒಮ್ಮೆ, ಹಿಂದಿನ ಅಂಚಿನಲ್ಲಿ ಒಮ್ಮೆ ತೆಗೆಯಬೇಕು. ಸೀಟು ಅಡ್ಡ ಬಂದರೆ ಎರಡೂ ಕಡೆ ಅಷ್ಟಷ್ಟೇ ಕೆಳಗಿಳಿದು ಅಳೆಯಿರಿ. ಮುಂದಿನ ದೂರ ಹಿಂದಿನದಕ್ಕಿಂತ 0 ರಿಂದ 2 ಮಿ.ಮೀ. ಕಡಿಮೆ ಇದ್ದರೆ ಸರಿ. ಇಲ್ಲದಿದ್ದರೆ ಮುಂಚಕ್ರಗಳನ್ನು ತಿರುಗಿಸುವ ಸರಳಿನ, ಅಂದರೆ ಟೈ ರಾಡ್‌ನ, ಲಾಕ್ ನಟ್ ಸಡಿಲಿಸಿ, ರಾಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯುವುದು. ಎರಡು ರಾಡ್ ಇದ್ದರೆ ಎರಡನ್ನೂ ಸಮ ತಿರುಗಿಸಬೇಕು, ಇಲ್ಲದಿದ್ದರೆ ನೇರ ಹೋಗುವಾಗ ಹ್ಯಾಂಡಲ್ ಓರೆ ನಿಲ್ಲುತ್ತದೆ.

ಇದು ತಪ್ಪಿದರೆ ಚಕ್ರ ಉರುಳುವ ಬದಲು ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಗಾಡಿ ವಿನಾಕಾರಣ ಭಾರ ಅನ್ನಿಸುತ್ತದೆ, ಹೊಸ ಟೈರ್ ಕೆಲವು ನೂರು ಕಿ.ಮೀ.ಗಳಲ್ಲೇ ಬೋಳಾಗಬಹುದು. ಮುಂದಿನ ಟೈರಿನ ಮೇಲೆ ಬೆರಳನ್ನು ಅಡ್ಡಕ್ಕೆ ಎರಡೂ ದಿಕ್ಕಿಗೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಚೂಪಾಗಿ ತಾಗಿದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂದೇ ಅರ್ಥ.

ಗಾಳಿ: 40 ಮಿ.ಮೀ. ಅಗಲದ ಟೈರಿಗೆ 45 ರಿಂದ 60 ಪಿಎಸ್‌ಐ ಇಂಥ ಹಾದಿಗೆ ಹಿತ. ಟೈರಿನ ಪಕ್ಕೆಯಲ್ಲಿ ಬರೆದ ಮಿತಿಯೊಳಗೇ ಇರಲಿ, ಮುಂದಿನ ಎರಡಕ್ಕೂ ಒಂದೇ ಸಮ ಇರಲಿ. ಒಂದರಲ್ಲಿ ಕಡಿಮೆಯಾದರೆ ಗಾಡಿ ಆ ಬದಿಗೆ ಎಳೆಯುತ್ತದೆ.

ಬ್ರೇಕ್, ತಿರುವು, ಲೆಕ್ಕ

ನಿಮ್ಮಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಎಡ ಲಿವರ್ ಎಡ ಮುಂಚಕ್ರಕ್ಕೆ, ಬಲ ಲಿವರ್ ಬಲ ಮುಂಚಕ್ರಕ್ಕೆ. ಹಿಂಚಕ್ರದಲ್ಲಿ ಬ್ರೇಕ್ ಇದ್ದರೂ ಅದು ಹೆಚ್ಚಾಗಿ ಪಾರ್ಕಿಂಗ್‌ಗೆ ಮಾತ್ರ. ಒಂದೇ ಲಿವರ್ ಹಿಡಿದರೆ ಗಾಡಿ ಆ ಬದಿಗೆ ತಿರುಗುತ್ತದೆ. ಕೈ ತೋರಿಸಿ ಸನ್ನೆ ಮಾಡುತ್ತ ಇನ್ನೊಂದು ಕೈಯಲ್ಲಿ ಬ್ರೇಕ್ ಹಿಡಿಯುವ ಅಭ್ಯಾಸ ಇದ್ದವರು ಇಲ್ಲಿ ನೀರಿನ ಕಡೆಗೆ ಹೊರಳಿಯಾರು. ಸನ್ನೆ ಮೊದಲು, ಆಮೇಲೆ ಎರಡೂ ಕೈಯಲ್ಲಿ ಬ್ರೇಕ್. ಮುಂಚಕ್ರದ ಬ್ರೇಕ್ ಜೋರಾಗಿ ಒಮ್ಮೆಲೇ ಅದುಮಿದರೆ ಹಿಂಚಕ್ರ ಎದ್ದು ಪೆಡಲ್ ಕಡೆ ನೆಲಕ್ಕೆ ಬಡಿಯಬಹುದು, ಆದ್ದರಿಂದ ಖಾಲಿ ಜಾಗದಲ್ಲಿ ಎಷ್ಟು ಅದುಮಿದರೆ ಹಿಂದೆ ಹಗುರವಾಗುತ್ತದೆ ಎಂದು ಕಂಡುಕೊಳ್ಳಿ.

ಗಂಟೆಗೆ 20 ಕಿ.ಮೀ. ವೇಗದಲ್ಲಿ ಕಂಡು ಬ್ರೇಕ್ ಹಿಡಿಯುವ ಒಂದು ಸೆಕೆಂಡಿನಲ್ಲೇ ಐದೂವರೆ ಮೀಟರ್ ಹೋಗಿರುತ್ತೀರಿ. ಒಣ ನೆಲದಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ಇನ್ನೂ ಸುಮಾರು 3 ಮೀಟರ್, ಒಟ್ಟು ಸುಮಾರು 9. ಅದೇ 30 ಕಿ.ಮೀ. ಆದರೆ 15 ಮೀಟರ್ ದಾಟುತ್ತದೆ. ಜನರಿರುವಲ್ಲಿ 15 ಕಿ.ಮೀ. ಮೀರಬಾರದು ಎನ್ನುವುದು ಈ ಲೆಕ್ಕದಿಂದ.

ಮಗುಚುವ ಲೆಕ್ಕವೂ ಅಂದಾಜಿಗೆ ಸಿಗುತ್ತದೆ. 80 ಸೆಂ.ಮೀ. ಅಗಲದ, ತಗ್ಗು ಸೀಟಿನ ಗಾಡಿಯಲ್ಲಿ ನೆಟ್ಟಗೆ ಕೂತಿದ್ದರೆ 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ಹತ್ತಿರ, 3 ಮೀಟರ್ ತ್ರಿಜ್ಯದಲ್ಲಿ 15ರ ಹತ್ತಿರ ಒಳಚಕ್ರ ಎದ್ದೀತು. ಸೀಟು ಎತ್ತರವಿದ್ದರೆ ಇದಕ್ಕೂ ಮೊದಲೇ. ಹಾದಿ ತಿರುವಿನ ಹೊರಬದಿಗೆ ಇಳಿಜಾರಾಗಿದ್ದರೆ ಇನ್ನೂ ಮೊದಲು. ಮಳೆನೀರು ಹರಿದುಹೋಗಲೆಂದು ಹಾದಿಯನ್ನು ನದಿಯ ಕಡೆಗೆ ಇಳಿಜಾರು ಮಾಡಿರುವುದುಂಟು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಒಳಬದಿಯ ಭುಜವನ್ನು ಒಳಚಕ್ರದ ಮೇಲಕ್ಕೆ ತಂದು ವಾಲಿ. ಸೀಟಿನ ಚೌಕಟ್ಟನ್ನು ಬೆನ್ನಿನಿಂದ ಒತ್ತಿ ಹಿಡಿದರೆ ಈ ವಾಲುವಿಕೆ ಸುಲಭ. ಹಿಂದೆ ಎರಡು ಚಕ್ರ ಇರುವ ಡೆಲ್ಟಾ ಗಾಡಿಗೆ ಬದಲಾಯಿಸುವ ಯೋಚನೆ ಎಂದಾದರೂ ಬಂದರೆ ನೆನಪಿಡಿ, ಅದರಲ್ಲಿ ತಿರುವಿನ ನಡುವೆ ಬ್ರೇಕ್ ಹಿಡಿಯುವುದೇ ಮಗುಚಲು ದೊಡ್ಡ ಕಾರಣ.

ಸೇತುವೆಯ ಅಡಿ

ದಂಡೆಯ ಹಾದಿಯಲ್ಲಿ ಅತಿ ಕಷ್ಟದ ಜಾಗ ಇದು. ಇಳಿಜಾರು, ತಿರುವು, ಕತ್ತಲು, ಜಾರುವ ನೆಲ ನಾಲ್ಕೂ ಹತ್ತು ಹದಿನೈದು ಮೀಟರ್‌ನೊಳಗೆ ಒಟ್ಟಿಗೆ ಬರುತ್ತವೆ. ನದಿ ಏರಿ ಇಳಿದ ಮೇಲೆ ಅಡಿಯಲ್ಲಿ ನಯವಾದ ಮೆಕ್ಕಲು ಉಳಿಯುತ್ತದೆ. ಒದ್ದೆಯಿದ್ದಾಗ ಅದರ ಮೇಲೆ ಬ್ರೇಕ್ ಹಿಡಿದರೆ ಮುಂಚಕ್ರಗಳು ಉರುಳದೆ ಜಾರುತ್ತವೆ, ಆಗ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಹಾಗಾದರೆ ಬ್ರೇಕ್ ಬಿಡಿ. ಚಕ್ರ ಉರುಳಲು ಶುರುವಾದ ಕೂಡಲೇ ಗಾಡಿ ಮತ್ತೆ ಮಾತು ಕೇಳುತ್ತದೆ. ಬಿಸಿಲಿನಿಂದ ಒಳಹೊಕ್ಕ ಕಣ್ಣಿಗೆ ಒಂದೆರಡು ಸೆಕೆಂಡ್ ಏನೂ ಕಾಣದು. ಹಾಗಾಗಿ ಇಳಿಯುವ ಮೊದಲೇ ದೀಪ ಹಾಕಿ, ನಡಿಗೆಯ ವೇಗಕ್ಕೆ ಬನ್ನಿ, ಗಂಟೆ ಬಾರಿಸಿ.

ಕಂಬ ಅಥವಾ ಗೋಡೆಯ ಮೂಲೆಯಲ್ಲಿ ಇಣುಕಿ ನೋಡುವ ಹೊತ್ತಿಗೆ ನಿಮ್ಮ ಪಾದಗಳು ಒಂದು ಮೀಟರ್ ಆಚೆ ಅಡ್ಡ ಬಂದಿರುತ್ತವೆ. ಎದುರಿನಿಂದ ಬರುವ ಸೈಕಲ್ಲಿಗೆ ಮೊದಲು ಸಿಗುವುದು ಅವೇ. ಅಂಥ ಮೂಲೆಗಳಲ್ಲಿ ಹಾದಿಯ ಹೊರಬದಿಯಿಂದ ಅಗಲವಾಗಿ ತಿರುಗಿ, ಅದಕ್ಕೂ ಜಾಗವಿಲ್ಲದಿದ್ದರೆ ನಿಂತು, ಕೂಗಿ, ಆಮೇಲೆ ಹೋಗಿ.

ಮೇಲೆ ಹತ್ತುವಾಗ ಬೇರೆ ಸಮಸ್ಯೆ. ಭಾರದಲ್ಲಿ ಮೂರನೇ ಎರಡು ಪಾಲು ಮುಂಚಕ್ರಗಳ ಮೇಲಿದೆ, ತುಳಿತ ಹೋಗುವುದು ಹಿಂಚಕ್ರಕ್ಕೆ. ಕೆಸರಿನಲ್ಲಿ ಅದು ನಿಂತಲ್ಲೇ ಸುತ್ತುತ್ತದೆ. ಚೀಲವನ್ನು ಹಿಂಚಕ್ರದ ಮೇಲೆ ಕಟ್ಟಿ, ಬೆನ್ನು ಸೀಟಿಗೆ ಒತ್ತಿ, ಝಾಡಿಸದೆ ಒಂದೇ ಸಮ ತುಳಿಯಿರಿ. ಗೇರ್ ಇಳಿಸುವುದು ಏರಿನ ಬುಡಕ್ಕೆ ಬರುವ ಮುನ್ನವೇ ಆಗಬೇಕು. ಮುಂದೆ 30 ಹಲ್ಲು, ಹಿಂದೆ 34 ಹಲ್ಲು ಇದ್ದರೆ 20 ಇಂಚಿನ ಚಕ್ರ ಪೆಡಲ್‌ನ ಒಂದು ಸುತ್ತಿಗೆ ಸುಮಾರು 1.35 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿ.ಮೀ.ಗೂ ಸ್ವಲ್ಪ ಕಡಿಮೆ. ಬೀಳುವ ಭಯವಿಲ್ಲದ ಗಾಡಿಗೆ ಇಷ್ಟು ನಿಧಾನ ತೊಂದರೆಯೇ ಅಲ್ಲ. ದೊಡ್ಡ ಗೇರಿನಲ್ಲಿ ಹತ್ತಲು ಹೋದರೆ ಬೆನ್ನಿಗೆ ಸೀಟಿನ ಆಸರೆ ಸಿಗುವುದರಿಂದ ಕಾಲು ಮಿತಿಮೀರಿ ಒತ್ತುತ್ತದೆ, ಪೆಟ್ಟು ಮಂಡಿಗೆ. ಸಮ ನೆಲದಲ್ಲೂ ನಿಮಿಷಕ್ಕೆ 75 ರಿಂದ 90 ಸುತ್ತಿನ ಹಗುರ ತುಳಿತವೇ ಒಳ್ಳೆಯದು.

ಅಗಲ ತರುವ ತೊಂದರೆಗಳು

ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಗಲ ಅಳೆದು, ಕನ್ನಡಿ ಹೊರಗೆ ಚಾಚಿದ್ದರೆ ಅದನ್ನೂ ಸೇರಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ಟೇಪ್ ಹಿಡಿದು ಹಾದಿಯಲ್ಲಿ ಒಮ್ಮೆ ನಡೆದು ಬನ್ನಿ. ಬೈಕ್ ಬರದಂತೆ ನೆಟ್ಟ ಕಂಬಗಳ ನಡುವೆ ಒಂದು ಮೀಟರ್ ಇದ್ದರೆ ನಿರಾಳ. ಅಡ್ಡಾದಿಡ್ಡಿ ಹಾಕಿದ ಎರಡು ಬೇಲಿಗಳ ನಡುವೆ ಹಾವಿನಂತೆ ನುಸುಳಬೇಕಾದ ಗೇಟುಗಳೇ ತಲೆನೋವು. ತಿರುಗಲು ಟ್ರೈಕ್‌ಗೆ ಸುಮಾರು 5 ಮೀಟರ್ ಅಗಲ ಬೇಕಾಗಬಹುದು. ಅಂದರೆ ನಿಮ್ಮ 3 ಮೀಟರ್ ಹಾದಿಯಲ್ಲಿ ಯೂ ಟರ್ನ್ ಕೂಡ ಒಂದೇ ಸಲಕ್ಕೆ ಆಗದು. ರಿವರ್ಸ್ ಇಲ್ಲ; ಕೂತಲ್ಲಿಂದಲೇ ಅಂಗೈಯಿಂದ ಮುಂದಿನ ಟೈರುಗಳನ್ನು ಹಿಂದಕ್ಕೆ ಉರುಳಿಸಬಹುದು, ಬೆರಳು ಸ್ಪೋಕ್ ಕಡೆಗೆ ಹೋಗದಂತೆ ಎಚ್ಚರ, ಇಳಿಜಾರು ಇಳಿದ ಕೂಡಲೇ ಬ್ರೇಕ್ ಡಿಸ್ಕ್ ಮುಟ್ಟಿದರೆ ಸುಡುತ್ತದೆ. ಇದಕ್ಕಿಂತ ಇಳಿದು ಹಿಂಭಾಗ ಎತ್ತಿ ತಿರುಗಿಸುವುದು ಸಲೀಸು. ಗಾಡಿ 18 ಕಿಲೋ ಇದ್ದರೂ ಹಿಂದೆ ಎತ್ತುವ ಭಾರ ಅದರ ಅರ್ಧವೂ ಇರುವುದಿಲ್ಲ.

ಗುಂಡಿ ತಪ್ಪಿಸುವ ಹಳೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಟ್ರೈಕ್‌ಗೆ ಮೂರು ಜಾಡು. ಗುಂಡಿಯನ್ನು ಮುಂಚಕ್ರಗಳ ನಡುವೆ ಬಿಟ್ಟರೆ ಅದು ಸರಿಯಾಗಿ ಹಿಂಚಕ್ರಕ್ಕೆ ಸಿಗುತ್ತದೆ, ಮರದ ಬೇರು ಎತ್ತಿದ ಟಾರಿನ ಉಬ್ಬೂ ಹಾಗೆಯೇ. ಪೂರ್ತಿ ಪಕ್ಕಕ್ಕೆ ಹೋಗಿ, ಇಲ್ಲವೇ ನಿಧಾನವಾಗಿ ಹಾಯಿರಿ.

ನೀರಿನ ಕಡೆಯ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಬಿಡಿ. ಒಂದು ಚಕ್ರ ಟಾರಿನಿಂದ ಮಣ್ಣಿಗೆ ಇಳಿದರೆ ತಕ್ಷಣ ಎಳೆದು ತರಲು ಹೋಗಬೇಡಿ. ಟಾರಿನ ಅಂಚು ಟೈರನ್ನು ತಡೆಯುತ್ತದೆ, ಗಾಡಿ ಆ ಕಡೆಗೇ ವಾಲಿರುತ್ತದೆ. ತುಳಿಯುವುದು ಬಿಟ್ಟು, ನೇರವಾಗಿ ನಿಧಾನಿಸಿ, ನಿಂತ ಮೇಲೆ ಇಳಿದು ಎತ್ತಿ. ವಿಶ್ರಾಂತಿಗೆ ನಿಲ್ಲಿಸುವುದೂ ನೀರಿನ ಕಡೆ ಬೇಡ. ಪಾರ್ಕಿಂಗ್ ಬ್ರೇಕ್ ಹಾಕದೆ ಇಳಿಯುವ ಮಾತೇ ಇಲ್ಲ. ಹತ್ತುವಾಗಲೂ ಅಷ್ಟೇ, ಅದು ಹಾಕಿರದಿದ್ದರೆ ಕೂರುವ ಹೊತ್ತಿಗೆ ಸೀಟು ಹಿಂದೆ ಸರಿಯುತ್ತದೆ. ಆಸರೆಗೆ ಸೀಟಿನ ಚೌಕಟ್ಟು ಹಿಡಿಯಿರಿ. ಮಡ್‌ಗಾರ್ಡ್, ಹ್ಯಾಂಡಲ್ ನಿಮ್ಮ ಭಾರ ತಡೆಯುವುದಿಲ್ಲ.

ಜನ ಮತ್ತು ನಾಯಿ

ನಡೆಯುವವರು ಗಂಟೆ ಕೇಳಿ ಹಿಂದೆ ತಿರುಗಿದಾಗ ಸೈಕಲ್ ಸವಾರರ ಮುಖ ಇರಬೇಕಾದ ಎತ್ತರಕ್ಕೆ ನೋಡುತ್ತಾರೆ. ಅಲ್ಲಿ ಯಾರೂ ಇಲ್ಲ. ದೃಷ್ಟಿ ಕೆಳಗಿಳಿದು ನಿಮ್ಮನ್ನು ಹುಡುಕಲು ಒಂದು ಕ್ಷಣ ಹಿಡಿಯುತ್ತದೆ, ಆ ಕ್ಷಣದಲ್ಲಿ ಕಾಲು ಯಾವ ಬದಿಗಾದರೂ ಸರಿಯಬಹುದು. ಆದ್ದರಿಂದ ಗಂಟೆ 15-20 ಮೀಟರ್ ದೂರದಲ್ಲೇ ಬಾರಿಸಿ, ನೋಡಿದರು ಎಂದು ಖಾತ್ರಿಯಾದ ಮೇಲೆ 8-10 ಕಿ.ಮೀ. ವೇಗದಲ್ಲಿ ದಾಟಿ. ನೆಲದಿಂದ ಸುಮಾರು 1.8 ಮೀಟರ್ ಎತ್ತರಕ್ಕೆ ನಿಲ್ಲುವ ಗಾಢ ಬಣ್ಣದ ಬಾವುಟ, ಹಗಲಲ್ಲೂ ಮಿನುಗುವ ಹಿಂದಿನ ದೀಪ, ಎರಡೂ ಬದಿ ಕನ್ನಡಿ ಬೇಕೇ ಬೇಕು. ಒರಗಿ ಕೂತು ಹಿಂದೆ ತಿರುಗಿ ನೋಡಲು ಆಗುವುದಿಲ್ಲ.

ನಾಯಿಗಿಂತ ನಾಯಿಯ ಹಗ್ಗ ಅಪಾಯ. ಉದ್ದಕ್ಕೆ ಬಿಚ್ಚಿಕೊಳ್ಳುವ ತೆಳು ಹಗ್ಗದ ತುದಿಯಲ್ಲಿ ನಾಯಿ ಹಾದಿಯ ಆ ಬದಿ, ಯಜಮಾನರು ಈ ಬದಿ ಇದ್ದರೆ ನಡುವಿನ ಹಗ್ಗ ನಿಮ್ಮ ಎದೆ, ಕತ್ತಿನ ಎತ್ತರಕ್ಕೇ ಬರುತ್ತದೆ. ಹಗ್ಗ ಕಾಣದಿದ್ದರೂ ಇದೆ ಎಂದೇ ತಿಳಿದು ಪೂರ್ತಿ ನಿಲ್ಲಿಸಿ.

ಎದುರುಗಾಳಿಗೆ ಮಾತ್ರ ಅಂಜಬೇಡಿ. ನದಿಯ ಉದ್ದಕ್ಕೂ ಗಾಳಿ ತಡೆಯಿಲ್ಲದೆ ಬೀಸುತ್ತದೆ, ಒರಗಿ ಕೂತವರಿಗೆ ಅದು ತಾಗುವುದು ಕಡಿಮೆ. 1933ರಲ್ಲಿ ಫ್ರೆಂಚ್ ಸೈಕಲ್ ಸ್ಪರ್ಧಿ ಫ್ರಾನ್ಸಿಸ್ ಫೋರ್ ಇಂಥ ಒರಗಿ ತುಳಿಯುವ ಎರಡು ಚಕ್ರದ ಗಾಡಿಯಲ್ಲಿ ಒಂದು ಗಂಟೆಗೆ 45 ಕಿ.ಮೀ. ದಾಟಿ ದಾಖಲೆ ಮುರಿದಾಗ, ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಈ ಬಗೆಯ ಗಾಡಿಗಳನ್ನು ಸ್ಪರ್ಧೆಯಿಂದ ಹೊರಗಿಟ್ಟಿತು.

ಮೊದಲ ಕೆಲವು ಸಲ ಅರ್ಧ ಗಂಟೆ ಸಾಕು. ಇದಕ್ಕೆ ದುಡಿಯುವ ಸ್ನಾಯುಗಳು ಬೇರೆ. ಪಾದ ಮೇಲಿರುವುದರಿಂದ ಬೆರಳು ಜೋಮು ಹಿಡಿದರೆ ಪಟ್ಟಿ ಸ್ವಲ್ಪ ಸಡಿಲಿಸಿ, ಪಾದವನ್ನು ಪೆಡಲ್ ಮೇಲೆ ಒಂದಿಷ್ಟು ಮುಂದೆ ಚಾಚಿ, ಒತ್ತಡ ಪಾದದ ನಡುಭಾಗಕ್ಕೆ ಬರಲಿ.

ಪಂಕ್ಚರ್ ಮತ್ತು ಮೆಕ್ಕಲು

ಮೂರೂ ಚಕ್ರ ಒಂದೇ ಅಳತೆ ಇರುವುದು ನಿಮ್ಮ ಅದೃಷ್ಟ, ಒಂದೇ ಬಗೆಯ ಎರಡು ಟ್ಯೂಬ್ ಸಾಕು. ಕೊಳ್ಳುವಾಗ ಟೈರಿನ ಮೇಲಿನ 406 ಎಂಬ ಅಂಕಿ ನೋಡಿ, ಅದು ಟೈರ್ ಕೂರುವ ರಿಮ್‌ನ ವ್ಯಾಸ, ಮಿ.ಮೀ.ಗಳಲ್ಲಿ. 20 ಇಂಚು ಎಂದೇ ಕರೆಯುವ 451 ಬೇರೆ, ಆ ಟೈರ್ ಇದಕ್ಕೆ ಕೂರದು. ಮುಂಚಕ್ರಗಳ ಅಚ್ಚು ಒಂದೇ ಬದಿಯಲ್ಲಿ ಹಿಡಿದಿರುತ್ತದೆ, ಹೊರಬದಿ ಖಾಲಿ. ಹಾಗಾಗಿ ಚಕ್ರ ಬಿಚ್ಚದೆಯೇ ಗಾಡಿಯನ್ನು ಮಗ್ಗುಲಾಗಿಸಿ ಟ್ಯೂಬ್ ಬದಲಿಸಬಹುದು. ಹಿಂಚಕ್ರ ಬಿಚ್ಚಲೇಬೇಕು, ಅದನ್ನು ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ಮುಂಚಕ್ರಗಳು ನಿಮ್ಮ ಮೊಣಕೈ ಪಕ್ಕದಲ್ಲೇ ಸುತ್ತುತ್ತವೆ, ಮಡ್‌ಗಾರ್ಡ್ ಇಲ್ಲದಿದ್ದರೆ ಹಾದಿಯ ಮೇಲಿನ ಕೆಸರು, ಹಕ್ಕಿಗಳ ಹಿಕ್ಕೆ ಎಲ್ಲ ತೋಳಿಗೇ.

ಒಣ ಮೆಕ್ಕಲು ಚೈನಿನ ಎಣ್ಣೆಗೆ ಅಂಟಿ ಮರಳು ಕಾಗದದಂತೆ ಸವೆಸುತ್ತದೆ. ಮನೆಗೆ ಬಂದ ಮೇಲೆ ಒಣ ಬಟ್ಟೆಯಲ್ಲಿ ಚೈನ್ ಒರೆಸಿ, ತೆಳು ಎಣ್ಣೆಯ ಬದಲು ಮೇಣದ ಲ್ಯೂಬ್ ಹಾಕಿ. ಚೈನ್ ಹಾದುಹೋಗುವ ಪ್ಲಾಸ್ಟಿಕ್ ಕೊಳವೆಗಳೊಳಗೆ ಲ್ಯೂಬ್ ಸುರಿಯಬೇಡಿ, ಅಲ್ಲಿ ಮಣ್ಣು ಕಟ್ಟಿಕೊಳ್ಳುತ್ತದೆ. ಸೀಟಿನ ಅಡಿ ಚೈನಿನ ದಾರಿ ತಿರುಗಿಸುವ ಐಡ್ಲರ್ ಗಾಲಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಡ್ಡಕ್ಕೆ ಆಡುತ್ತಿದ್ದರೆ, ತುಳಿಯುವಾಗ ಕರಕರ ಸದ್ದು ಬರುತ್ತಿದ್ದರೆ ಅದರ ಬೇರಿಂಗ್ ಬದಲಿಸುವ ಕಾಲ ಬಂದಿದೆ.